ವಿರುದ್ಧ ಮಾಹಿತಿ ಇಲ್ಲದಿದ್ದರೆ

ನಿಮಗೆ ತಿಳಿಯದ್ದೆಲ್ಲವೂ ನಡೆದೇ ಇಲ್ಲವೆಂದು ತೀರ್ಮಾನಿಸುವ ಸೋಮಾರಿತನವನ್ನು ನೀವು ಯಾವ ಶಾಲೆಯಲ್ಲಿ ಕಲಿತಿರಿ?

ಪ್ರಶ್ನೆಗಳಿಗೆ ತರ್ಕಬದ್ಧವಾಗಿ ಉತ್ತರಿಸುವ ಆ ತಂತ್ರಾಂಶವನ್ನು ಬರೆದವಳು ತಾನೆಂದು ಸಂಶೋಧನಾ ವಿದ್ಯಾರ್ಥಿನಿ ದೂರಿತ್ತಿದ್ದಳು. ಅವಳ ಮಾರ್ಗದರ್ಶಕರು ಅದನ್ನು ತಮ್ಮದೆಂದು ಪ್ರಶಸ್ತಿಗೆ ಕಳುಹಿಸಿದ್ದರು. ವಿಚಾರಣಾ ಸಮಿತಿಯ ಅಧ್ಯಕ್ಷರು ಕರ್ತೃ ಯಾರೆಂಬ ಪ್ರಶ್ನೆಯನ್ನು ಆ ತಂತ್ರಾಂಶಕ್ಕೇ ಹಾಕಿದರು.

"ಮಾರ್ಗದರ್ಶಕರು" ಎಂಬ ಉತ್ತರ ಬಂತು.

"ನೋಡಮ್ಮ, ಇರೋ ಸಾಧ್ಯತೆಗಳನ್ನೆಲ್ಲ ಜಾಲಾಡಿ ಹೇಳುತ್ತೆ ಇದು. ಇದಕ್ಕೇನು ನಿನ್ನ ಮೇಲೆ ಹಗೆಯಾ?" ಎಂದರು ಅಧ್ಯಕ್ಷರು.

"ಹಗೆ ಇಲ್ಲ ಸರ್. ವಿರುದ್ಧ ಮಾಹಿತಿ ಇಲ್ಲದಿದ್ರೆ ವಿಭಾಗದ ಕೆಲಸವೆಲ್ಲ ಮಾರ್ಗದರ್ಶಕರದ್ದು ಅಂತ ಪಕ್ಕದಲ್ಲಿ ಕೂತಿರೋ ಇವರೇ ಇದರೊಳಗೆ ನಿಯಮ ಹಾಕ್ಸಿದಾರೆ. ನನ್ನ ದೂರನ್ನೂ ಅದಕ್ಕೆ ತಿಳಿಸಿ, ಮತ್ತೆ ಕೇಳಿ."

ಅಧ್ಯಕ್ಷರು ನಗುತ್ತಲೇ ತಿಳಿಸಿದರು. ತಂತ್ರಾಂಶವು ಮೊದಲಿನ ಉತ್ತರವನ್ನು ಹಿಂತೆಗೆದುಕೊಂಡು, "ಹೇಳಲಾಗದು" ಎಂದಿತು.

"ಏನ್ರೀ ಇದು, ಆಡಿದ ಮಾತು ವಾಪಸ್ ತಗೊಳ್ಳುತ್ತೆ? ಕೆಟ್ಟಿದೆ. ನಿಮ್ಮದೇ ತಾನೆ, ಸರಿ ಮಾಡಿ" ಎಂದು ಅವರು ಕೀಲಿಮಣೆಯನ್ನು ಮಾರ್ಗದರ್ಶಕರತ್ತ ತಳ್ಳಿದರು.

ಆ ಘನ ವಿದ್ವಾಂಸರು ಬಹಳ ಹೊತ್ತು ಕನ್ನಡಕ ಒರೆಸಿದರು. ಅನಂತರ ವಿದ್ಯಾರ್ಥಿನಿಯ ಕಡೆಗೆ ವಾಲಿ, ತಗ್ಗಿದ ದನಿಯಲ್ಲಿ ಹೇಳಿದರು: "ಸ್ವಲ್ಪ ಸರಿ ಮಾಡಿ ಕೊಡಮ್ಮ."

ತೀರ್ಪಿನ ಹಾಳೆ ಇನ್ನೂ ಖಾಲಿಯಿದೆ. ಕರ್ತೃವಿನ ಹೆಸರನ್ನು ದಯವಿಟ್ಟು ನೀವೇ ಬರೆಯಿರಿ.