ಹಕ್ಕಿಯ ಮರ್ಯಾದೆ

ಪೆಟ್ಟಿಗೆಯ ತಳದ ಸ್ಕ್ರೂ ಬಿಚ್ಚಿದ್ದೇ ತಡ, ಸತ್ತ ಜಿರಳೆಯೊಂದು ಮತ್ತು ನಾಲ್ಕು ಮಡಿಕೆಯ ಚೀಟಿಯೊಂದು ಸುಮನಳ ಮಡಿಲಿಗೆ ಬಿದ್ದವು.

ಹಾಲಿನ ಸಂಘದ ದೂರು ಪೆಟ್ಟಿಗೆ ಅದು. ಕೀಲಿ ಕಳೆದು ಹನ್ನೊಂದು ವರ್ಷವಾಗಿತ್ತು, ಯಾರೂ ಹುಡುಕಿರಲಿಲ್ಲ. ಹೊಸ ಪೆಟ್ಟಿಗೆ ಬಂದದ್ದರಿಂದ ಸಂಘದ ಕಾರ್ಯದರ್ಶಿ, ಅವಳ ಅಪ್ಪ ಗುರುಪಾದಪ್ಪ, ಹಳೆಯದನ್ನು ತನ್ನ ಲವ್ ಬರ್ಡ್ಸ್ ತತ್ತಿ ಇಡಲೆಂದು ಮನೆಗೆ ತಂದಿದ್ದ. ಬೆಳಗಿನಿಂದ ಅದರದೇ ಸೇವೆ. ಬಣ್ಣ ಕೆರೆದಾಗಿತ್ತು, ಚೀಟಿ ಹಾಕುವ ಸೀಳನ್ನು ದುಂಡಗೆ ಕೊರೆದಾಗಿತ್ತು. ತತ್ತಿ ಉರುಳದಂತೆ ತಳದಲ್ಲಿ ತಗ್ಗು ತೋಡುವುದಷ್ಟೇ ಬಾಕಿ.

“ಹೆಣ್ಣಹಕ್ಕಿ ಭಾಳ ಸೂಕ್ಷ್ಮ,” ಅಂದ ಅಪ್ಪ. “ಮಂದಿ ಕಣ್ಣ ಬಿತ್ತಂದ್ರ ತತ್ತಿ ಇಡಾಂಗಿಲ್ಲ. ಅದಕ್ಕೂ ಮರ್ಯಾದಿ ಇರತೈತಿ.”

ಸುಮನ ಬಿ.ಎ. ಮುಗಿಸಿದರೂ ನಾಲ್ಕು ಜನರೆದುರು ಬಾಯಿ ಬಿಡದ ಹುಡುಗಿ. ದಿನಾ ಮುಂಜಾನೆ ಜಳಕ ಮಾಡುವಾಗ ಮಾತ್ರ ಓಣಿಗೆಲ್ಲ ಕೇಳುವಂತೆ ಹಾಡುತ್ತಿದ್ದಳು. ಹಿತ್ತಲ ಬಚ್ಚಲಿಗೆ ಬಾಗಿಲಿರಲಿಲ್ಲ, ಹಳೆ ಸೀರೆಯೊಂದು ಜೋತುಬಿದ್ದಿತ್ತು. ಹಾಡು ನಿಂತರೆ ಯಾರಾದರೂ ಸರಿಸಿಕೊಂಡು ಬಂದಾರೆಂಬ ಭಯ.

ಚೀಟಿ ಬಿಚ್ಚಿದಳು. ಅಕ್ಷರ ಅವ್ವನದು.

“ಓದ. ಹಾಲಿಗಿ ನೀರ ಕೂಡಸತಾರ ಅಂತಿರಬೇಕ.”

ಸುಮನ ತಗ್ಗಿದ ದನಿಯಲ್ಲಿ ಓದಿದಳು: “‘ಕಾರ್ಯದರ್ಶಿಯವರ ಮನೆಯ ಬಚ್ಚಲಿಗೆ ಬಾಗಿಲಿಲ್ಲ. ಮನೆಯಲ್ಲಿ ಹೇಳಿ ಸಾಕಾಗಿದೆ. ಸಂಘದವರಾದರೂ ತಿಳಿಸಿ ಹೇಳಬೇಕು. ಇಂತಿ, ಸದಸ್ಯೆ ದಾಕ್ಷಾಯಿಣಿ.’”

ಅಪ್ಪ ಅಡುಗೆಮನೆಯತ್ತ ತಿರುಗಿದ. “ಏನಿದು? ಮನಿ ಮಾತ ಸಂಘಕ್ಕ ಒಯ್ಯೂದ?”

“ನೀವ ಹೇಳಿದ್ರಲ್ರಿ,” ಒಗ್ಗರಣೆಯ ಸದ್ದಿನ ನಡುವೆ ಅವ್ವ ಅಂದಳು, “ಏನ ಇದ್ರೂ ಬರದ ಪೆಟಿಗ್ಯಾಗ ಹಾಕ್ರಿ ಅಂತ.”

“ಮಾಡಸೂಣ ತಗೋ. ಮದಲ ಹಕ್ಕಿದು ಮುಗೀಲಿ.” ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡ. ಮೀಟಿಂಗಿಗೆಂದು ಗೋಕಾಕದ ಬಸ್ಸು ಹಿಡಿಯಬೇಕಿತ್ತು. “ನಾ ಜಳಕಾ ಮಾಡತೇನಿ. ನೀ ಪೆಟಿಗಿ ಕಟ್ಟಿ, ಪಂಜರಕ್ಕ ಏನರ ಒಂದ ಅಡ್ಡ ಹಾಕ.”

ಒಲೆಯ ಮೇಲಿನ ಬಿಸಿನೀರನ್ನು ಬಕೀಟಿಗೆ ಬಗ್ಗಿಸಿಕೊಂಡು ಅಪ್ಪ ಹಿತ್ತಲಿಗೆ ಬಂದಾಗ ಬಚ್ಚಲು ಬಟಾಬಯಲಾಗಿತ್ತು.

“ಏ ಸುಮನಾ, ಸೀರಿ ಎಲ್ಲಿ?”

“ಪಂಜರಕ್ಕ ಕಟ್ಟೇನಪ್ಪಾ,” ಅವಳು ನೆಲ ನೋಡುತ್ತ ಅಂದಳು. “ಹಕ್ಕಿ ಭಾಳ ಸೂಕ್ಷ್ಮ.”

ಅಪ್ಪ ಗಡಿಯಾರ ನೋಡಿದ, ಬಕೀಟು ನೋಡಿದ, ಬೇಲಿಯಾಚೆ ನೋಡಿದ. ಬಸ್ಸಿಗೆ ಇನ್ನು ಇಪ್ಪತ್ತೇ ನಿಮಿಷ.

ಸ್ವಲ್ಪ ಹೊತ್ತಿಗೆ ನೀರಿನ ಸದ್ದಿನೊಂದಿಗೆ ಹಿತ್ತಲಿನಿಂದ, ಹುಟ್ಟಿದಾರಭ್ಯ ಹಾಡದ ದನಿಯೊಂದು ನಡುಗುತ್ತ ಎದ್ದಿತು.

ಅವ್ವ ಕಿಟಕಿಯಲ್ಲಿ ಇಣುಕಿ ನೋಡಿ ಅಂದಳು:

“ಇನ್ನೊಂದಿಷ್ಟ ಜೋರ ಹಾಡ್ರಿ. ಬಾಜೂ ಮನಿ ಯಲ್ಲಕ್ಕ ಮಜ್ಜಿಗಿ ಒಯ್ಯಾಕ ಹಿತ್ತಲದಾಗ ಹಾದ ಬರಾಕತ್ತಾಳ.”