ತೂತಿನ ನಾಣ್ಯದ ಚೀಟಿ

"ಇದರ ಜೊತೆ ಬರಹ ಏನಾದ್ರೂ ಇತ್ತಾ, ತಂಬಿ?" ನುಂಗಂಬಾಕ್ಕಂನ ಹಳೇ ನಾಣ್ಯದ ಅಂಗಡಿಯವನು ಭೂತಗನ್ನಡಿ ಕೆಳಗಿಟ್ಟು ಕೇಳಿದ. ನಡುವೆ ತೂತಿದ್ದ ಆ ನಾಣ್ಯದ ಅಕ್ಷರಗಳು ಸವೆದುಹೋಗಿದ್ದವು. ಯಾವ ದೇಶದ್ದೆಂದು ಅವನಿಗೂ ತಿಳಿಯಲಿಲ್ಲ.

"ಇಂಥ ನಾಣ್ಯ ತುಂಬಾ ಇವೆ, ಒಂದೊಂದಕ್ಕೂ ಚೀಟಿ ಸುತ್ತಿತ್ತು. ಕುಪ್ಪೆ, ಬರೀ ಕಸ ಅಂತ ಬಿಸಾಡ್ದೆ," ಎಂದು ಅಜಿತ್ ಸಿಡುಕಿದ. "ಬಂದರಿನಲ್ಲಿ ಮೂವತ್ತು ವರ್ಷ ದುಡಿದ ಮಾವ ಸಾಯುವಾಗ ನನಗಂತ ಬಿಟ್ಟಿದ್ದು ಈ ತಗಡು."

ಪಕ್ಕದಲ್ಲಿದ್ದ ಕಲಾವತಿ ಅತ್ತೆ ಪರ್ಸಿನಿಂದ ಮುದುಡಿದ ಚೀಟಿಯೊಂದನ್ನು ತೆಗೆದರು. "ಬುಟ್ಟಿಯಲ್ಲಿ ಇದೊಂದೇ ಸಿಕ್ತು ಕಣೋ. ಮಿಕ್ಕಿದ್ದನ್ನ ಕಸದ ಗಾಡಿ ತಗೊಂಡೋಯ್ತು. ನಿಮ್ಮ ಮಾವ ಬರೆದಿದ್ದು, ನೀನೇ ಓದು."

ಮಾವ ಎಷ್ಟು ಕರೆದರೂ ಅಜಿತ್ ಕನ್ನಡ ಅಕ್ಷರ ಕಲಿಯಲು ಕೂತವನಲ್ಲ. ಎಂಟನೇ ಕ್ಲಾಸಿಗೆ ಬಿಟ್ಟ ಶಾಲೆಯಲ್ಲಿ ಇದ್ದದ್ದು ತಮಿಳು. ಅಂಗಡಿಯವನ ಎದುರು ಅದನ್ನು ಹೇಳಲಾರದೆ, ಚೀಟಿಯನ್ನು ಕಣ್ಣ ಹತ್ತಿರ ಹಿಡಿದು, "ಮಾವನ ಕೈಬರಹ, ಒಂದೂ ಸರಿಯಾಗಿ ಕಾಣ್ತಿಲ್ಲ," ಎಂದ.

ಅತ್ತೆ ಅವನ ಕೈಯಲ್ಲೇ ಚೀಟಿಯನ್ನು ತಿರುಗಿಸಿ, ತಲೆಕೆಳಗಾಗಿದ್ದ ಅಕ್ಷರಗಳನ್ನು ನೇರ ಮಾಡಿದರು. ಮೊದಲ ಪದದ ಮೇಲೆ ಬೆರಳಿಟ್ಟು, ಅಂಗಡಿಯವನಿಗೆ ಕೇಳಿಸದಷ್ಟು ಮೆಲ್ಲಗೆ ಅಂದರು: "ಇದು ನಿನ್ನ ಹೆಸರು. ಆಮೇಲೆ ನಾಣ್ಯ ಬಂದ ದೇಶದ್ದು. ಎಲ್ಲಾ ಚೀಟಿಯಲ್ಲೂ ಹೀಗೇ ಬರೆದಿದ್ರು."