ಕಚೇರಿಯ ರೂಢಿ

"ಮಶಿನ್ನಿಗೆ ರಾಹುಕಾಲ ಕಲಿಸಿದ್ದು ನೀನೇ ಹೌದಾ ಅಲ್ಲದಾ? ಅಷ್ಟು ಹೇಳು ಸಾಕು."

ವಿಶ್ವೇಶ್ವರ ದನಿ ಏರಿಸಲಿಲ್ಲ. ಏರಿಸಿದ್ದರೆ ಗಂಗಾಂಬಿಕಾಳಿಗೆ ಇಷ್ಟು ಭಯವಾಗುತ್ತಿರಲಿಲ್ಲ. ಅವಳು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ನಾ ಏನೂ ಬರ್ದಿಲ್ರಿ ಸರ್."

ಶಿರಸಿಯ ಯಲ್ಲಾಪುರ ರಸ್ತೆಯಲ್ಲಿ, ಪೈಪಿನ ಅಂಗಡಿಯ ಮೇಲಿನ ಮಹಡಿ ಅವರ ಸಾಫ್ಟ್‌ವೇರ್ ಕಚೇರಿ. ವಿಶ್ವೇಶ್ವರ ಅದರ ಮಾಲೀಕರು. ಕಳೆದ ವರ್ಷದವರೆಗೆ ಪ್ರೋಗ್ರಾಮ್ ಬರೆಯುವವರು ಮನುಷ್ಯರೇ ಆಗಿದ್ದರು. ಆಮೇಲೆ ಎಐ ಸಹಾಯಕ ಬಂತು. ಬಂದದ್ದೇ ಕಚೇರಿಯ ಹಳೆಯ ಕೆಲಸವನ್ನೆಲ್ಲ ಓದಿ ಮುಗಿಸಿತು. ಇಲ್ಲಿ ಯಾವುದಕ್ಕೆ ಏನು ಹೆಸರಿಡುತ್ತಾರೆ, ಹೇಗೆ ಪರೀಕ್ಷೆ ಮಾಡುತ್ತಾರೆ, ಗಿರಾಕಿಗೆ ಯಾವಾಗ ಕಳಿಸುತ್ತಾರೆ, ಎಲ್ಲವನ್ನೂ ನೋಡಿ ಹಾಗೆಯೇ ಮಾಡತೊಡಗಿತು. ಈಗ ಬರೆಯುವುದು ಅದು. ಉಳಿದವರು ಓದಿ ತಲೆಯಾಡಿಸುವುದು. ಅದಕ್ಕೆ ನಿಯಮ ಬರೆದುಕೊಡುವ ಕೆಲಸ ಮಾತ್ರ ಗಂಗಾಂಬಿಕಾಳದ್ದು. ಬೇರೆ ಯಾರೂ ಅದಕ್ಕೆ ಕೈ ಹಚ್ಚುವಂತಿರಲಿಲ್ಲ. ಹಾಗಾಗಿ ಬೆರಳು ತೋರಿಸುವುದಕ್ಕೂ ಬೇರೆ ಯಾರೂ ಇರಲಿಲ್ಲ.

ಆದದ್ದಿಷ್ಟು. ಹೋದ ಮಂಗಳವಾರ ಗಿರಾಕಿಯೊಬ್ಬನ ಬಸ್ ಟಿಕೆಟಿನ ತಂತ್ರಾಂಶ ಕೆಟ್ಟಿತು. ಒಂದೇ ಸೀಟು ಇಬ್ಬಿಬ್ಬರಿಗೆ ಮಾರಾಟವಾಗತೊಡಗಿತು. ಸಹಾಯಕ ದೋಷ ಹುಡುಕಿ, ಮೂರು ಗಂಟೆ ಹೊಡೆಯುವ ಹೊತ್ತಿಗೆ ಸರಿಪಡಿಸಿಯೂ ಬಿಟ್ಟಿತು. ಆದರೆ ಕಳಿಸಲಿಲ್ಲ. ಪರದೆಯ ಮೇಲೆ ಒಂದು ಸಾಲು ಬಂತು: "ಸ್ವಲ್ಪ ತಡೆಯೋಣ. ನಾಲ್ಕೂವರೆಯ ಮೇಲೆ ಕಳಿಸಿದರಾಯಿತು."

ಆ ತಡೆ ತೆಗೆಯಲು ವಿಶ್ವೇಶ್ವರರ ಪಾಸ್‌ವರ್ಡೇ ಬೇಕು. ಅವರು ಸಿದ್ದಾಪುರದ ದಾರಿಯಲ್ಲಿದ್ದರು, ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ಅಷ್ಟರಲ್ಲಿ ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಒಂದು ಕಿಟಕಿ ಸೀಟಿಗಾಗಿ ಇಬ್ಬರು ಕೈ ಕೈ ಮಿಲಾಯಿಸಿ ಒಬ್ಬನ ಅಂಗಿ ಹರಿದಿತ್ತು. ನಾಲ್ಕೂವರೆಗೆ ಸಹಾಯಕ ತಾನಾಗಿಯೇ ಎಲ್ಲವನ್ನೂ ಕಳಿಸಿ ಸುಮ್ಮನಾಯಿತು.

ಕಾರಣ ಹುಡುಕಿದವನು ಕಚೇರಿಯಲ್ಲೇ ಕೆಲಸ ಮಾಡುವ ನಂದನ. ಸೋಮವಾರ ಬೆಳಿಗ್ಗೆ, ಶುಕ್ರವಾರ ಮಧ್ಯಾಹ್ನಕ್ಕೆ ಮುಂಚೆ, ಮಂಗಳವಾರ ಮೂರರಿಂದ ನಾಲ್ಕೂವರೆ. ಸಹಾಯಕ ಇಂಥ ಹೊತ್ತಿನಲ್ಲೇ ತಡೆಯುತ್ತದೆ. ಗೋಡೆಯ ಕ್ಯಾಲೆಂಡರ್ ಕಿತ್ತು ತಂದು ಪಕ್ಕದಲ್ಲಿಟ್ಟು ನೋಡಿದ. ಎಲ್ಲವೂ ರಾಹುಕಾಲ. ಅವನು ಜೋರಾಗಿ ನಕ್ಕ. ಆ ಕ್ಯಾಲೆಂಡರ್ ತೂಗುಹಾಕಿದ್ದು ಯಾರೆಂದು ನೆನಪಾಗಿ ನಗು ನಿಂತಿತು.

ನಗುವ ವಿಷಯವೂ ಆಗಿರಲಿಲ್ಲ, ಯಾಕೆಂದರೆ ವಿಶ್ವೇಶ್ವರರಿಗೆ ಮೂಢನಂಬಿಕೆ ಎಂದರೆ ಮೈಯೆಲ್ಲ ಉರಿ. ಅಮಾವಾಸ್ಯೆಯ ದಿನ ಕಚೇರಿ ತೆರೆದೆ ಎಂದು ಬಂದವರಿಗೆಲ್ಲ ಹೇಳುವವರು. ಗ್ರಹಣದ ದಿನ ರಸ್ತೆಯಲ್ಲಿ ನಿಂತು ಮಿರ್ಚಿ ಭಜಿ ತಿಂದು, ಉಳಿದವರ ಕೈಗೂ ತುರುಕುವವರು. ಹಾಗೆಂದು ಕೆಟ್ಟ ಮನುಷ್ಯರಲ್ಲ. ದೊಡ್ಡ ಕೆಲಸಕ್ಕೆ ಕೈ ಹಾಕುವ ಮುಂಚೆ ಎಷ್ಟೋ ಸಲ ಎಲ್ಲರನ್ನೂ ಕೆಳಗಿಳಿಸಿ ತಾವೇ ಚಹಾ ಕುಡಿಸುತ್ತಿದ್ದರು. ಮಾತಿಗೆ ಕೂತರೆ ಎದ್ದೇಳಿಸುವುದು ಕಷ್ಟ.

ಇವತ್ತು ಮತ್ತೆ ಮಂಗಳವಾರ. ಊಟ ಮುಗಿಸಿ ಎಲ್ಲರನ್ನೂ ಒಳಗೆ ಕರೆದಿದ್ದರು.

"ಕ್ಯಾಲೆಂಡರ್ ಎಂತಕ್ಕೆ ತೂಗುಹಾಕಿದ್ದೆ ಹಾಗಾದ್ರೆ?"

"ರಜಾ ನೋಡಾಕ್ರಿ," ಎಂದಳು ಗಂಗಾಂಬಿಕಾ. "ನಮ್ಮನ್ಯಾಗ ಕಾಲ-ಗೀಲ ನೋಡೂದಿಲ್ರಿ ಸರ್. ನನ್ನ ಮದಿವಿನೂ ಹಂಗ ಆಗೈತಿ."

ಅವಳು ತಾನು ಬರೆದ ನಿಯಮಗಳನ್ನು ತೆರೆದು ತೋರಿಸಿದಳು. ರಾಹುವೂ ಇರಲಿಲ್ಲ, ಕೇತುವೂ ಇರಲಿಲ್ಲ.

"ಅಳಿಸಿರ್ಲಿಕ್ಕೆ ಸಾಕು," ಎಂದರು ವಿಶ್ವೇಶ್ವರ.

ಅವಳಿಗೆ ಸಿಟ್ಟು ಬಂತು, ಅದರ ಬೆನ್ನಿಗೇ ಅಳು. ಮಗಳಿಗೆ ಇನ್ನೂ ಎರಡು ವರ್ಷ ತುಂಬಿಲ್ಲ. ಸಂಜೆಯ ಬಸ್ಸು ಹಿಡಿದು ದಾಸನಕೊಪ್ಪದ ಮನೆ ಸೇರಬಹುದಾದ ಇಂಥ ಕೆಲಸ ಈ ಮೂರು ತಾಲ್ಲೂಕಿನಲ್ಲಿ ಇನ್ನೊಂದಿಲ್ಲ. ಮೋಸ ಮಾಡಿದಳೆಂದು ತೆಗೆದರೆ ಹುಬ್ಬಳ್ಳಿಯಲ್ಲೂ ಯಾರೂ ಕರೆಯುವುದಿಲ್ಲ.

"ನನ್ನ ಯಾಕ ಕೇಳ್ತೀರಿ ಸರ್? ಅದನ್ನ ಕೇಳ್ರಿ."

ನಂದನ ಸಹಾಯಕನನ್ನೇ ಕೇಳಿದ: ಈ ನಿಯಮವನ್ನು ನಿನಗೆ ಯಾರು ಹೇಳಿಕೊಟ್ಟರು?

ಉತ್ತರ ತಕ್ಷಣ ಬಂತು. "ಯಾರೂ ಹೇಳಿಕೊಟ್ಟಿಲ್ಲ. ಈ ಕಚೇರಿಯ ರೂಢಿ ನೋಡಿ ಕಲಿತೆ."

ವಿಶ್ವೇಶ್ವರ ಅದನ್ನು ಎರಡು ಸಲ ಓದಿದರು. "ರೂಢಿಯಂತೆ. ಯಾರ ರೂಢಿ?" ಅವರ ನೋಟ ಗಂಗಾಂಬಿಕಾಳ ಹಣೆಯ ವಿಭೂತಿಯ ಮೇಲೆ ಬಂದು ನಿಂತಿತು. ಉಳಿದವರ ನೋಟವೂ ಅಲ್ಲಿಗೇ ಬಂತು. ದಿನಾ ಅವಳ ಡಬ್ಬಿಯಿಂದ ಶೇಂಗಾ ಚಟ್ನಿ ಹಾಕಿಕೊಳ್ಳುತ್ತಿದ್ದ ದಿವ್ಯಾ ಕೂಡ ಹಾಗೆಯೇ ನೋಡಿದಳು. ಗಂಗಾಂಬಿಕಾಳಿಗೆ ಅದೇ ಎಲ್ಲಕ್ಕಿಂತ ಹೆಚ್ಚು ನೋವಾಯಿತು.

"ಬಸ್ಸಿನವ ಬಿಟ್ಟು ಹೋಗ್ತೆ ಹೇಳಿ ಕೂತಿದ್ದಾನೆ. ಯಾರಾದ್ರೂ ಒಬ್ರನ್ನ ತೆಗೀಲೇಬೇಕು," ಎಂದರು ವಿಶ್ವೇಶ್ವರ. "ನಂದನ, ಇವಳನ್ನ ಕೆಲಸದಿಂದ ತೆಗೆದಿದ್ದು ಅಂತ ಮೇಲ್ ಬರಿ. ಅವನಿಗೂ ಒಂದು ಪ್ರತಿ ಹಾಕು."

ಪತ್ರವನ್ನೂ ಬರೆದದ್ದು ಸಹಾಯಕನೇ. ಕಣ್ಣು ಮುಚ್ಚಿ ತೆರೆಯುವುದರಲ್ಲಿ, ಒಂದು ತಪ್ಪಿಲ್ಲದೆ. ನಂದನ ಅದನ್ನು ಓದಿ ಹೇಳುವಾಗ ಗಂಗಾಂಬಿಕಾ ಎದ್ದು ನಿಂತಳು. ಬ್ಯಾಗು ಹೆಗಲಿಗೇರಿಸಿದಳು. ಕೆಳಗೆ ಅಂಗಡಿಯವರು ಪೈಪು ಇಳಿಸುತ್ತಿದ್ದ ಸದ್ದು ಕೇಳುತ್ತಿತ್ತು.

"ನಾ ಮಾಡಿಲ್ರಿ," ಎಂದಳು ಕೊನೆಯ ಸಲ.

ನಂದನ ಮಾಲೀಕರ ಮುಖ ನೋಡಿ, ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟ.

"ತಡಿ ಮಾರಾಯ," ಎಂದರು ವಿಶ್ವೇಶ್ವರ, ಗೋಡೆಯ ಗಡಿಯಾರದತ್ತ ಕಣ್ಣು ಹಾಯಿಸಿ. "ಮೊದ್ಲು ಎಲ್ಲ ಚಾ ಕುಡ್ದು ಬರುವ. ನಾಲ್ಕೂವರೆ ಮೇಲೆ ಕಳ್ಸಿದ್ರಾಯ್ತು."